ಗಿಟ್ಟುವ ಬೆಲೆ ಕಟ್ಟುವುದು ಹೇಗೆ: ಮನೆಯಲ್ಲೇ ಮಾಡಿ ಮಾರುವವರಿಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನ ಮಲ್ಲೇಶ್ವರ, ಗಾಂಧಿ ಬಜಾರ್, ರಾಜಾಜಿನಗರ, ಜಯನಗರ. ಎಲ್ಲಿಯ ಕಾಂಡಿಮೆಂಟ್ಸ್ ಅಂಗಡಿಗೆ ಹೋದರೂ ಮನೆಯಲ್ಲಿ ಮಾಡಿದ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು, ಚಟ್ನಿಪುಡಿ ಸಾಲಾಗಿ ಜೋಡಿಸಿರುತ್ತಾರೆ. ಮಾಡುವವರಲ್ಲಿ ಹೆಚ್ಚಿನವರು ಹೆಂಗಸರು. ರೇಟು ಹೇಗೆ ಇಟ್ಟಿರಿ ಎಂದು ಕೇಳಿದರೆ ಬರುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ಸಾಮಾನಿಗೆ ಇಷ್ಟಾಯ್ತು, ಮೇಲೆ ಹತ್ತು ರೂಪಾಯಿ ಇಟ್ಟೆ." ಆ ಹತ್ತು ರೂಪಾಯಿಯಲ್ಲಿ ಅವರ ಇಡೀ ದಿನ ಮುಚ್ಚಿಹೋಗಿರುತ್ತದೆ. ಎರಡು ವರ್ಷ ದುಡಿದ ಮೇಲೆ "ಯಾಕೋ ಗಿಟ್ಟಲ್ಲ" ಎಂದು ಕೈಬಿಡುತ್ತಾರೆ. ಕೈರುಚಿ ಇದ್ದವರು, ಗಿರಾಕಿ ಇದ್ದವರು, ಶ್ರಮಕ್ಕೆ ಹಿಂಜರಿಯದವರು ಬರೀ ರೇಟು ತಪ್ಪಿ ಸೋಲುವುದನ್ನು ನೋಡಿದರೆ ಸಂಕಟವಾಗುತ್ತದೆ.

ಆದ್ದರಿಂದ ಇಲ್ಲಿ ಒಂದು ಚಕ್ಕುಲಿ ಪ್ಯಾಕೆಟ್ಟನ್ನು ಮುಂದಿಟ್ಟುಕೊಂಡು ಪೂರ್ತಿ ಲೆಕ್ಕ ಹಾಕೋಣ. ಸಾಮಾನಿನ ರೇಟುಗಳು ಉದಾಹರಣೆಗೆ ಹಿಡಿದವು. ನಿಮ್ಮ ಬಿಲ್ಲು ನೋಡಿ ಅಲ್ಲಿ ನಿಮ್ಮ ಅಂಕಿ ಹಾಕಿಕೊಳ್ಳಿ, ಲೆಕ್ಕದ ಕ್ರಮ ಹಾಗೇ ಇರಲಿ. ಚಟ್ನಿಪುಡಿಗೂ ಹೋಳಿಗೆಗೂ ಕೇಕಿಗೂ ಅದೇ ಕ್ರಮ. ಹೊಲಿಗೆಯವರಿಗೆ ಒಂದು ಸಣ್ಣ ಬದಲಾವಣೆ ಬೇಕು, ಅದು ಕೊನೆಯ ಕಡೆ ಇದೆ.

ಯಾವುದನ್ನು ಕಮ್ಮಿ ಬೆಲೆ ಎನ್ನಬೇಕು

ವ್ಯಾಪಾರದವರ ಬಾಯಲ್ಲಿ ಅಂಡರ್‌ಪ್ರೈಸಿಂಗ್ ಎಂಬ ಮಾತು ಎರಡು ಅರ್ಥದಲ್ಲಿ ಬರುತ್ತದೆ. ಒಂದು, ಅಸಲಿಗಿಂತಲೂ ಕೆಳಗೆ ಮಾರುವುದು. ಇನ್ನೊಂದು, ಅಸಲು ಹುಟ್ಟಿದರೂ ಗಿರಾಕಿ ಸಂತೋಷದಿಂದ ಕೊಡುತ್ತಿದ್ದ ಬೆಲೆಗಿಂತ ತೀರ ಕೆಳಗೆ ಮಾರುವುದು. ಷೇರುಪೇಟೆಯಲ್ಲಿ ಎರಡನೆಯ ಅರ್ಥವೇ ಚಾಲ್ತಿಯಲ್ಲಿದೆ. 2019ರ ಅಕ್ಟೋಬರಿನಲ್ಲಿ ರೈಲು ಟಿಕೆಟ್ ಮಾರುವ ಸರ್ಕಾರಿ ಕಂಪನಿ ಐಆರ್‌ಸಿಟಿಸಿಯ ಷೇರನ್ನು 320 ರೂಪಾಯಿಗೆ ಹಂಚಿದರು, ಪೇಟೆಯಲ್ಲಿ ಅದು ಮೊದಲ ದಿನವೇ 644ಕ್ಕೆ ತೆರೆಯಿತು. ಮಾರಿದ ಸರ್ಕಾರಕ್ಕೆ ಬರಬಹುದಾಗಿದ್ದ ಹಣ ಕೊಂಡವರ ಕೈಸೇರಿತು.

ಮನೆಯಲ್ಲಿ ಮಾಡಿ ಮಾರುವವರನ್ನು ಮುಳುಗಿಸುವುದು ಮೊದಲನೆಯದು, ಅಸಲಿಗಿಂತ ಕೆಳಗಿನ ಬೆಲೆ. ತಾವು ಅಲ್ಲಿದ್ದೇವೆ ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಹೊಸದಾಗಿ ಅಂಗಡಿಗೆ ಹಾಕುವಾಗ ಹದಿನೈದು ದಿನ ಮಟ್ಟಿಗೆ ಕಮ್ಮಿ ಇಡುವುದು, ಉಳಿದ ಸರಕನ್ನು ಅವಧಿ ಮುಗಿಯುವ ಮೊದಲು ರಿಯಾಯಿತಿಗೆ ಕೊಡುವುದು ಇದಕ್ಕೆ ಸೇರುವುದಿಲ್ಲ. ಅವು ಲೆಕ್ಕ ಗೊತ್ತಿದ್ದು ಮಾಡುವ ಕೆಲಸ.

ಮೊದಲ ಹೆಜ್ಜೆ: ನಿಮ್ಮ ಕೂಲಿ ಬರೆಯಿರಿ

ಸಾಮಾನಿನ ಪಟ್ಟಿಗಿಂತ ಮುಂಚೆ ಇದನ್ನು ಬರೆಯಬೇಕು. ಕೊನೆಗೆ ಬರೆಯೋಣ ಎಂದಿಟ್ಟರೆ ಅಷ್ಟು ಹೊತ್ತಿಗೆ ಮೊತ್ತ ದೊಡ್ಡದಾಗಿ ಕಂಡು, ನಾವೇ ನಮ್ಮ ಕೂಲಿಯನ್ನು ಹೊಡೆದುಹಾಕುತ್ತೇವೆ. ನಾನು ಲೆಕ್ಕ ನೋಡಿಕೊಡುವ ಮನೆಗಳಲ್ಲೆಲ್ಲ ಕಂಡದ್ದು ಇದೇ.

ಒಂದು ಬ್ಯಾಚಿಗೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಫೋನಿನ ಗಡಿಯಾರ ನೋಡಿ ಬರೆದಿಡಿ. ಒತ್ತುವುದು, ಕರಿಯುವುದು ಮಾತ್ರ ಕೆಲಸ ಅಂದುಕೊಳ್ಳಬೇಡಿ. ಅಕ್ಕಿ ತೊಳೆದು ನೆರಳಲ್ಲಿ ಆರಿಸುವುದು, ಉದ್ದು ಹುರಿಯುವುದು, ಮಿಲ್ಲಿನ ಮುಂದೆ ಸರದಿಗೆ ಕಾಯುವುದು, ಬಾಣಲೆ ಉಜ್ಜುವುದು, ತೂಗಿ ಪ್ಯಾಕ್ ಮಾಡುವುದು, ಅಂಗಡಿಗೆ ಹಾಕಿ ಬರುವುದು ಎಲ್ಲವೂ ಸೇರಬೇಕು. ನಮ್ಮ ಉದಾಹರಣೆಯಲ್ಲಿ 5 ಕೆಜಿ ಹಿಟ್ಟಿನ ಒಂದು ಬ್ಯಾಚಿಗೆ ಹೀಗೆ ಹಿಡಿಯೋಣ:

ಸಾಮಾನು, ತೊಳೆಯುವುದು, ಹುರಿಯುವುದು, ಮಿಲ್ಲು: ಒಂದೂವರೆ ಗಂಟೆ
ಕಲೆಸಿ, ಒತ್ತಿ, ಕರಿದು, ಪಾತ್ರೆ ತೊಳೆಯುವುದು: ಐದು ಗಂಟೆ
ತೂಕ, ಪ್ಯಾಕಿಂಗ್, ಲೇಬಲ್: ಒಂದೂವರೆ ಗಂಟೆ
ಅಂಗಡಿಗೆ ಹೋಗಿ ಬರುವುದು: ಒಂದು ಗಂಟೆ

ಒಟ್ಟು ಒಂಬತ್ತು ಗಂಟೆ. ಗಂಟೆಗೆ ಎಷ್ಟು? ನಾಳೆ ನಿಮಗೆ ಜ್ವರ ಬಂದು ಹಬ್ಬದ ಆರ್ಡರ್ ತಲೆಮೇಲಿದ್ದರೆ, ಇದೇ ಹದದಲ್ಲಿ ಚಕ್ಕುಲಿ ಕರಿಯಬಲ್ಲ ಒಬ್ಬರನ್ನು ನಿಮ್ಮ ಬಡಾವಣೆಯಲ್ಲಿ ಎಷ್ಟು ಕೊಟ್ಟು ಕರೆಸುತ್ತೀರಿ? ಅದೇ ನಿಮ್ಮ ಕೂಲಿ. ಅಡುಗೆ ಕೆಲಸಕ್ಕೆ ಹೋಗುವ ನಾಲ್ಕು ಮಂದಿಯನ್ನು ಕೇಳಿದರೆ ಅಂಕಿ ಸಿಗುತ್ತದೆ. ಇಲ್ಲಿ ಗಂಟೆಗೆ 100 ರೂಪಾಯಿ ಹಿಡಿದಿದ್ದೇನೆ. ಬ್ಯಾಚಿಗೆ 900 ರೂಪಾಯಿ.

ಅತ್ತೆಯೋ ಮಗಳೋ ಕೈಜೋಡಿಸಿದರೆ ಅವರ ಗಂಟೆಯನ್ನೂ ಬರೆಯಿರಿ. ದುಡ್ಡು ಮನೆಯಲ್ಲೇ ಉಳಿಯುತ್ತದಲ್ಲ ಎನ್ನಬೇಡಿ. ಮಗಳು ಮದುವೆಯಾಗಿ ಹೊರಟ ದಿನ ಆ ಜಾಗಕ್ಕೆ ಕೂಲಿಗೆ ಒಬ್ಬರನ್ನು ತರಬೇಕಾಗುತ್ತದೆ. ಆ ದಿನ ಇದ್ದಕ್ಕಿದ್ದಂತೆ ರೇಟು ಏರಿಸಲು ಆಗುವುದಿಲ್ಲ.

ಎರಡನೆಯ ಹೆಜ್ಜೆ: ಸಾಮಾನು, ತೂಕ, ಎಣ್ಣೆ, ಗ್ಯಾಸು

ಅಡುಗೆಮನೆ ತಕ್ಕಡಿ ಇಲ್ಲದಿದ್ದರೆ ಮೊದಲು ಒಂದು ಕೊಳ್ಳಿ. ಪಾವು, ಸೇರು, ಬಟ್ಟಲಿನ ಅಳತೆ ಕೈಗೆ ಒಗ್ಗಿರುತ್ತದೆ, ಆದರೆ ಬಿಲ್ಲು ಬರುವುದು ಕೆಜಿಯಲ್ಲಿ.

ಅಕ್ಕಿ 4 ಕೆಜಿ, 60ರಂತೆ: 240
ಉದ್ದಿನಬೇಳೆ 1 ಕೆಜಿ: 140
ಬೆಣ್ಣೆ 300 ಗ್ರಾಂ: 180
ಎಣ್ಣೆ: 270
ಎಳ್ಳು, ಜೀರಿಗೆ, ಓಮ, ಇಂಗು, ಖಾರದಪುಡಿ, ಉಪ್ಪು: 60
ಮಿಲ್ಲಿನ ಕೂಲಿ: 50

ಒಟ್ಟು 940 ರೂಪಾಯಿ.

ಹೆಚ್ಚಿನವರ ಲೆಕ್ಕ ಎಡವುವುದು ಎಣ್ಣೆಯಲ್ಲಿ. ಕರಿಯುವ ಮೊದಲು ಬಾಣಲೆಗೆ ಹಾಕಿದ್ದೆಷ್ಟು, ನಡುವೆ ಸುರಿದದ್ದೆಷ್ಟು, ಮುಗಿದ ಮೇಲೆ ಉಳಿದದ್ದೆಷ್ಟು ಎಂದು ಮೂರನ್ನೂ ತೂಗಿ. 1 ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಪೌಚಿನ ಮೇಲೆ ಅದಕ್ಕಿಂತ ಕಮ್ಮಿ ಬರೆದಿದ್ದರೆ ನೀವು ಕೊಂಡದ್ದು ಒಂದು ಲೀಟರ್ ಅಲ್ಲ ಎಂದರ್ಥ, ರೇಟು ಹೋಲಿಸುವಾಗ ಆ ತೂಕವನ್ನೇ ನೋಡಿ. ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದು ಖರ್ಚು ಉಳಿಸುವ ಯೋಚನೆ ಬೇಡ. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ. 25 ದಾಟಿದರೆ ಅದನ್ನು ಬಳಸಬಾರದು ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2018ರ ಜುಲೈನಿಂದ ಜಾರಿಯಲ್ಲಿದೆ. ಬಿಸಾಡುವ ಎಣ್ಣೆಯ ಬೆಲೆಯೂ ಚಕ್ಕುಲಿಯ ಬೆಲೆಯೊಳಗೆ ಇರಬೇಕು. ಮೇಲಿನ 270ರಲ್ಲಿ 60 ರೂಪಾಯಿ ಅದಕ್ಕೇ ಹಿಡಿದದ್ದು.

ಗ್ಯಾಸ್ ಕೂಡ ಹಾಗೆಯೇ. ಮನೆಯ 14.2 ಕೆಜಿ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ. ವ್ಯಾಪಾರಕ್ಕೆ 19 ಕೆಜಿಯ ವಾಣಿಜ್ಯ ಸಿಲಿಂಡರ್ ಬೇಕು, ಅದರ ದರ ಸಾಮಾನ್ಯವಾಗಿ ತಿಂಗಳ ಮೊದಲ ದಿನ ಬದಲಾಗುತ್ತದೆ. ಸಿಲಿಂಡರಿನ ದರವನ್ನು 19ರಿಂದ ಭಾಗಿಸಿದರೆ ಕೆಜಿ ಗ್ಯಾಸಿನ ಬೆಲೆ ಬರುತ್ತದೆ. ಕರಿಯುವ ಮೊದಲು, ಕರಿದ ಮೇಲೆ ಸಿಲಿಂಡರನ್ನು ತೂಗಿದರೆ ಎಷ್ಟು ಉರಿಯಿತೆಂದು ತಿಳಿಯುತ್ತದೆ. ಇಲ್ಲಿ 100 ರೂಪಾಯಿ ಹಿಡಿಯೋಣ.

ಇನ್ನು ಸರಕಿನ ತೂಕ. 5 ಕೆಜಿ ಹಿಟ್ಟಿನಿಂದ ಎಣ್ಣೆ ಕುಡಿದು ಬರುವ ಚಕ್ಕುಲಿ ಆರೂಕಾಲು ಕೆಜಿ ಎಂದುಕೊಳ್ಳಿ. ಮುರಿದದ್ದು, ಕೆಂಪಾದದ್ದು, ರುಚಿ ನೋಡಿದ್ದು ಕಾಲು ಕೆಜಿ. ಮಾರುವುದಕ್ಕೆ ಸಿಗುವುದು 6 ಕೆಜಿ, ಅಂದರೆ 250 ಗ್ರಾಮಿನ 24 ಪ್ಯಾಕೆಟ್. ಲೆಕ್ಕವನ್ನು ಈ 24ರ ಮೇಲೇ ಹಾಕಬೇಕು.

ಕವರು, ಲೇಬಲ್ಲಿಗೆ ಒಂದಕ್ಕೆ 5 ರೂಪಾಯಿಯಂತೆ 120. ಚಿಕ್ಕಪೇಟೆ ಸುತ್ತಿನ ಸಗಟು ಅಂಗಡಿಗಳಲ್ಲಿ ಸಾವಿರದ ಲೆಕ್ಕದಲ್ಲಿ ಕೊಂಡರೆ ಇದು ಇಳಿಯುತ್ತದೆ.

ಸಾಗಣೆಗೆ ಆಟೋ. 2025ರ ಆಗಸ್ಟಿನಿಂದ ಬೆಂಗಳೂರಿನ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36, ಆಮೇಲೆ ಕಿಲೋಮೀಟರಿಗೆ 18. ಅಂಗಡಿ 6 ಕಿಲೋಮೀಟರ್ ದೂರವಿದ್ದರೆ 108 ರೂಪಾಯಿ. ಶಕ್ತಿ ಯೋಜನೆಯಲ್ಲಿ ಬಿಎಂಟಿಸಿ ಬಸ್ಸು ಹೆಂಗಸರಿಗೆ ಉಚಿತ ಎಂದು ಹಲವರು ಸಾಗಣೆಯ ಸಾಲನ್ನೇ ಬಿಟ್ಟುಬಿಡುತ್ತಾರೆ. ಟಿಕೆಟ್ ಉಳಿಯಿತು ನಿಜ, ಆದರೆ ಬಸ್ಸಿಗೆ ಕಾದ ಮುಕ್ಕಾಲು ಗಂಟೆ ನಿಮ್ಮ ಕೂಲಿಯ ಸಾಲಿಗೆ ಸೇರುತ್ತದೆ. ನೂಕುನುಗ್ಗಲಲ್ಲಿ ಪುಡಿಯಾದ ಚಕ್ಕುಲಿಯ ಲೆಕ್ಕ ಬೇರೆ.

940, ಗ್ಯಾಸ್ 100, ಪ್ಯಾಕಿಂಗ್ 120, ಆಟೋ 108. ಕೈಯಿಂದ ಹೊರಹೋಗುವ ಹಣ 1,268 ರೂಪಾಯಿ.

ಇಲ್ಲಿ ಒಂದು ನಿಮಿಷ ನಿಲ್ಲಿ

"ಸಾಮಾನಿಗೆ ಆದದ್ದರ ಮೇಲೆ ಹತ್ತು ರೂಪಾಯಿ" ಲೆಕ್ಕದವರು ಇದೇ ಪ್ಯಾಕೆಟ್ಟನ್ನು ಅಂಗಡಿಗೆ 60 ರೂಪಾಯಿಗೆ ಕೊಡುತ್ತಾರೆ. 24 ಪ್ಯಾಕೆಟ್ಟಿಗೆ 1,440. ಖರ್ಚು 1,268 ಕಳೆದರೆ ಉಳಿಯುವುದು 172. ಒಂಬತ್ತು ಗಂಟೆಗೆ ಹಂಚಿದರೆ ಗಂಟೆಗೆ 19 ರೂಪಾಯಿ ಬಿತ್ತು. ಬಾಡಿಗೆ, ಕರೆಂಟು, ಮಿಕ್ಸಿ ರಿಪೇರಿ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಅವೂ ಬಂದರೆ ಕೈಯಿಂದಲೇ ಹಾಕಿದಂತಾಗುತ್ತದೆ.

ದಿನವೂ ಗಲ್ಲಾಕ್ಕೆ ದುಡ್ಡು ಬರುತ್ತಿರುವುದರಿಂದ ಈ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಇಂದು ಬಂದ 1,440ರಲ್ಲಿ ನಾಳೆಯ ಅಕ್ಕಿ, ಎಣ್ಣೆ ಬರುತ್ತದೆ, ಚಕ್ರ ಉರುಳುತ್ತಲೇ ಇರುತ್ತದೆ. ಬಾಣಲೆ ಬದಲಿಸಬೇಕಾದಾಗಲೋ ಗ್ರೈಂಡರ್ ಮೋಟಾರು ಸುಟ್ಟಾಗಲೋ ಕೈಯಲ್ಲಿ ಏನೂ ಇಲ್ಲವೆಂದು ಗೊತ್ತಾಗುತ್ತದೆ.

ಮೂರನೆಯ ಹೆಜ್ಜೆ: ಮೇಲ್ಖರ್ಚು

ಒಂದು ಬ್ಯಾಚಿಗೆಂದು ಆಗದೆ ತಿಂಗಳಿಗೆ ಆಗುವ ಖರ್ಚುಗಳಿವೆ: ಅಡುಗೆಮನೆಯ ಪಾಲಿನ ಬಾಡಿಗೆ, ಬೆಸ್ಕಾಂ ಬಿಲ್ಲು, ನೀರು, ಫೋನು, ಆಹಾರ ಸುರಕ್ಷತಾ ನೋಂದಣಿ, ಯಂತ್ರದ ಸವೆತ. ಸವೆತಕ್ಕೆ ಸುಲಭದ ದಾರಿ ಇದೆ. 18,000 ರೂಪಾಯಿಯ ಯಂತ್ರ ಐದು ವರ್ಷ ಬಾಳಿದರೆ ತಿಂಗಳಿಗೆ 300. ಎಲ್ಲ ಸೇರಿ ತಿಂಗಳಿಗೆ 3,000 ಆಗಿ, ನೀವು ಮಾಡುವುದು 12 ಬ್ಯಾಚ್ ಆದರೆ ಬ್ಯಾಚಿಗೆ 250.

ಖರ್ಚು 1,268, ಕೂಲಿ 900, ಮೇಲ್ಖರ್ಚು 250. ನಿಜವಾದ ಅಸಲು 2,418 ರೂಪಾಯಿ.

ನಾಲ್ಕನೆಯ ಹೆಜ್ಜೆ: ವಾಪಸು ಬರುವ ಸರಕು, ಅಂಗಡಿಯ ಮಾರ್ಜಿನ್

ಕಾಂಡಿಮೆಂಟ್ಸ್‌ನವರು ಖರ್ಚಾಗದ ಪ್ಯಾಕೆಟ್ಟನ್ನು ವಾಪಸು ಕೊಡುತ್ತಾರೆ. ಬ್ಯಾಚಿಗೆ ಒಂದು ವಾಪಸು ಬರುತ್ತದೆ ಎಂದು ಹಿಡಿದರೆ ದುಡ್ಡು ಬರುವುದು 23ಕ್ಕೆ. 2,418ನ್ನು 23ರಿಂದ ಭಾಗಿಸಿ: ಪ್ಯಾಕೆಟ್ಟಿಗೆ 105 ರೂಪಾಯಿ. ಇದರ ಮೇಲೆ 10 ರೂಪಾಯಿ ಲಾಭ ಇಡೋಣ. ಕೂಲಿ ಬಂದಾಯಿತಲ್ಲ, ಲಾಭ ಯಾಕೆ ಎಂದು ಕೆಲವರು ಸಂಕೋಚಪಡುತ್ತಾರೆ. ಕೂಲಿ ನಿಮ್ಮ ಕೈಗಳಿಗೆ ಸೇರಿದ್ದು. ಲಾಭ ವ್ಯಾಪಾರಕ್ಕೆ ಸೇರಿದ್ದು, ಎಣ್ಣೆ ಬೆಲೆ ಏರಿದ ತಿಂಗಳನ್ನು ದಾಟಿಸುವುದೂ ಎರಡನೆಯ ಬಾಣಲೆ ಕೊಡಿಸುವುದೂ ಅದೇ. ಹಾಗಾಗಿ ನಿಮ್ಮ ಕೈಗೆ ಬರಬೇಕಾದದ್ದು 115.

ಅಂಗಡಿಯವರು ಶೇ. 25 ಮಾರ್ಜಿನ್, ಅಂದರೆ ತಮ್ಮ ಪಾಲು, ಕೇಳಿದರೆ ಎಂಆರ್‌ಪಿ (ಪ್ಯಾಕೆಟ್ಟಿನ ಮೇಲೆ ಮುದ್ರಿಸುವ ಗರಿಷ್ಠ ಮಾರಾಟ ಬೆಲೆ) ಎಷ್ಟಿರಬೇಕು? ಬಹಳ ಮಂದಿ 115ಕ್ಕೆ ಶೇ. 25 ಸೇರಿಸಿ 143.75, ಅಂದರೆ 145 ಎಂದು ಲೇಬಲ್ ಹೊಡೆಸುತ್ತಾರೆ. ಅಂಗಡಿಯವರು ಮಾರ್ಜಿನ್ ಹಿಡಿಯುವುದು ಎಂಆರ್‌ಪಿಯ ಮೇಲೆ. 145ರಲ್ಲಿ ಶೇ. 25 ಅಂದರೆ 36.25 ಹೋಯಿತು, ನಿಮಗೆ ಬಂದದ್ದು 108.75. ಪ್ಯಾಕೆಟ್ಟಿಗೆ 6.25ರಂತೆ ಬ್ಯಾಚಿಗೆ ಸುಮಾರು 144, ತಿಂಗಳಿಗೆ 1,700ಕ್ಕೂ ಹೆಚ್ಚು. ಲಾಭದಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ತಪ್ಪಿಗೆ ಹೋಗುತ್ತದೆ.

ಸರಿಯಾದ ದಾರಿ ಭಾಗಾಕಾರ. ಮಾರ್ಜಿನ್ ಶೇ. 25 ಆದರೆ 0.75ರಿಂದ, ಶೇ. 20 ಆದರೆ 0.80ರಿಂದ, ಶೇ. 30 ಆದರೆ 0.70ರಿಂದ ಭಾಗಿಸಿ. 115ನ್ನು 0.75ರಿಂದ ಭಾಗಿಸಿದರೆ 153. ಎಂಆರ್‌ಪಿ 155 ಇಡಿ. ಅಂಗಡಿಗೆ 38.75, ನಿಮಗೆ 116.25.

ಇದರ ಜೊತೆ ಎರಡು ಮಾತು ಅಂಗಡಿಯವರ ಹತ್ತಿರ ಮೊದಲೇ ಆಗಿರಲಿ. ದುಡ್ಡು ಎಷ್ಟು ದಿನಕ್ಕೆ ಕೊಡುತ್ತಾರೆ? ವಾಪಸು ಬರುವ ಪ್ಯಾಕೆಟ್ಟಿಗೆ ಮಿತಿ ಎಷ್ಟು? ಉದ್ರಿ ಎರಡು ತಿಂಗಳು ಎಳೆದರೆ ಆ ಎರಡು ತಿಂಗಳು ಅಂಗಡಿ ನಡೆದದ್ದು ನಿಮ್ಮ ದುಡ್ಡಿನಲ್ಲಿ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡ ಸಣ್ಣ ಉತ್ಪಾದಕರಿಗೆ ಸಣ್ಣ ಉದ್ದಿಮೆಗಳಿಗೆಂದೇ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ರಕ್ಷಣೆ ಇದೆ. ಬರಹದ ಒಪ್ಪಂದ ಇದ್ದರೂ ಪಾವತಿಗೆ 45 ದಿನ ಮೀರುವಂತಿಲ್ಲ, ತಡವಾದರೆ ಬಡ್ಡಿ ಕೇಳುವ ಹಕ್ಕೂ ಇದೆ. ಬೀದಿ ಮೂಲೆಯ ಅಂಗಡಿಯವರ ಮೇಲೆ ಯಾರೂ ಕೇಸು ಹಾಕಲು ಹೋಗುವುದಿಲ್ಲ, ಸರಿ. ಆದರೆ ದೊಡ್ಡ ಸೂಪರ್ ಮಾರ್ಕೆಟ್ ಅಥವಾ ಕಂಪನಿ ಕ್ಯಾಂಟೀನಿಗೆ ಹಾಕುವವರು ಇದನ್ನು ತಿಳಿದಿರಲೇಬೇಕು.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ನೇರವಾಗಿ ಮಾರುವಾಗಲೂ ಎಂಆರ್‌ಪಿಯ ಹತ್ತಿರದಲ್ಲೇ ಇರಿ. ಅಲ್ಲಿ 110ಕ್ಕೆ ಕೊಟ್ಟರೆ 155 ಕೊಟ್ಟು ಕೊಂಡ ಗಿರಾಕಿ ಅಂಗಡಿಯವರನ್ನು ಜಗಳಕ್ಕೆ ನಿಲ್ಲಿಸುತ್ತಾರೆ, ಅಂಗಡಿಯವರು ನಿಮ್ಮನ್ನು ನಿಲ್ಲಿಸುತ್ತಾರೆ. ಮನೆಮನೆಗೆ ತಲುಪಿಸುವ ಓಡಾಟವೂ ಅಂಗಡಿಯ ಮಾರ್ಜಿನ್ನಿಗಿಂತ ತೀರ ಕಮ್ಮಿಯೇನಲ್ಲ.

ಐದನೆಯ ಹೆಜ್ಜೆ: ತೆರಿಗೆ

ಕರ್ನಾಟಕದಲ್ಲಿ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಅದರೊಳಗಿನವರು ಗಿರಾಕಿಯಿಂದ ಜಿಎಸ್‌ಟಿ ವಸೂಲು ಮಾಡುವಂತಿಲ್ಲ. ಎಣ್ಣೆ, ಕವರಿನ ಮೇಲೆ ತಾವು ಕಟ್ಟಿದ ಜಿಎಸ್‌ಟಿ ವಾಪಸು ಸಿಗುವುದೂ ಇಲ್ಲ, ಆದ್ದರಿಂದ ಅದು ಅಸಲಿನ ಭಾಗ. ಬಿಲ್ಲಿನ ಕೆಳಗಿನ ಮೊತ್ತವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಯ ಮೊತ್ತ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ನಗದು ಮಾತ್ರ" ಎಂಬ ಬೋರ್ಡು ಬಿತ್ತು. ಬೆಲೆ ಕಟ್ಟುವವರು ಗಮನಿಸಬೇಕಾದ ವಿಷಯ ಅದರಲ್ಲಿದೆ. ಮಿತಿಯನ್ನು ಅಳೆಯುವುದು ವಹಿವಾಟಿನಿಂದ, ಲಾಭದಿಂದಲ್ಲ. ಕಮ್ಮಿ ರೇಟಿಗೆ ರಾಶಿ ಮಾರುವವರು ಕೈಯಲ್ಲಿ ಏನೂ ಉಳಿಯದೆಯೂ ಆ ಗೆರೆ ದಾಟಬಲ್ಲರು. ಅಲ್ಲಿಂದ ಮುಂದೆ ತೆರಿಗೆ ಕಟ್ಟಲು ಅವರ ಬೆಲೆಯಲ್ಲಿ ಜಾಗವೇ ಇರುವುದಿಲ್ಲ. ಪ್ಯಾಕೆಟ್ ಮಾಡಿ ಲೇಬಲ್ ಹಾಕಿದ ಕುರುಕಲು ತಿಂಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದದ್ದು ಸ್ವಲ್ಪ ಸಮಾಧಾನ. ವ್ಯಾಪಾರಕ್ಕೊಂದು ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳಿ. ಅಕ್ಕ ಕಳಿಸಿದ ಕೈಸಾಲ, ಮಗನ ಫೀಸಿನ ದುಡ್ಡು ಅದೇ ಖಾತೆಗೆ ಬಂದರೆ ಅವೂ ವ್ಯಾಪಾರದಂತೆ ಕಾಣುತ್ತವೆ.

ಆರನೆಯ ಹೆಜ್ಜೆ: ಪೇಟೆಯ ಮುಂದೆ ಇಟ್ಟು ನೋಡುವುದು

ಲೆಕ್ಕ 155 ಎನ್ನುತ್ತದೆ. ಗಿರಾಕಿ ಏನನ್ನುತ್ತಾರೆ? ಮೂರು ನಾಲ್ಕು ಬಡಾವಣೆಯ ಅಂಗಡಿಗಳಲ್ಲಿ ಮನೆತಯಾರಿಯ ಚಕ್ಕುಲಿಯ ದರವನ್ನು ತೂಕದ ಸಮೇತ ಬರೆದುಕೊಂಡು ಬನ್ನಿ. ಕಾರ್ಖಾನೆಯ ಪ್ಯಾಕೆಟ್ಟಿನ ಜೊತೆ ಹೋಲಿಸಿ ಎದೆಗುಂದಬೇಡಿ. ಅವರು ಯಂತ್ರದಲ್ಲಿ ಒತ್ತುತ್ತಾರೆ, ಎಣ್ಣೆಯನ್ನು ಟ್ಯಾಂಕರಿನಲ್ಲಿ ಕೊಳ್ಳುತ್ತಾರೆ, ಬೆಣ್ಣೆ ಹಾಕುವವರು ಕಮ್ಮಿ. ನಿಮ್ಮ ಗಿರಾಕಿ ನಿಮ್ಮಲ್ಲಿಗೆ ಬರುವುದು ಬೆಣ್ಣೆಯ ಹದಕ್ಕೆ, ಬಾಯಲ್ಲಿಟ್ಟರೆ ಕರಗುವುದಕ್ಕೆ.

ಈಗಾಗಲೇ ಮಾರುತ್ತಿರುವವರಿಗೆ ಬೆಲೆ ಕಮ್ಮಿಯಾಯಿತು ಎಂದು ಹೇಳುವ ಗುರುತುಗಳಿವೆ. ರೇಟು ಹೇಳಿದ ತಕ್ಷಣ ಚೌಕಾಸಿ ಇಲ್ಲದೆ ಎರಡು ಮೂರು ಪ್ಯಾಕೆಟ್ ಎತ್ತಿಕೊಳ್ಳುತ್ತಾರೆ. ಹಾಕಿದ ಮಾರನೆಯ ದಿನವೇ ಅಂಗಡಿಯಿಂದ "ಖಾಲಿ ಆಯ್ತು, ಇನ್ನಷ್ಟು ಹಾಕಿ" ಎಂದು ಫೋನು ಬರುತ್ತದೆ. ಯಾರೋ ನಿಮ್ಮಿಂದ ಕೆಜಿಗಟ್ಟಲೆ ಕೊಂಡು ತಮ್ಮ ಹೆಸರಿನ ಕವರಿನಲ್ಲಿ ಮಾರುತ್ತಿರುತ್ತಾರೆ. ಕೊನೆಯದು ಕಂಡರಂತೂ ತಡಮಾಡಬೇಡಿ. ನಿಮ್ಮ ಚಕ್ಕುಲಿಗೆ ಪೇಟೆಯಲ್ಲಿ ಎಷ್ಟು ಸಿಗುತ್ತದೆ ಎಂಬುದನ್ನು ಅವರು ಆಗಲೇ ತೋರಿಸಿಕೊಟ್ಟಿದ್ದಾರೆ.

ಪೇಟೆ 155ನ್ನು ತಡೆಯುವುದಿಲ್ಲ ಎನಿಸಿದರೆ ರೇಟು ಇಳಿಸುವ ಮೊದಲು ತೂಕ ನೋಡಿ. 200 ಗ್ರಾಮಿನ ಪ್ಯಾಕೆಟ್ ಮಾಡಿದರೆ 30 ಬರುತ್ತದೆ. ಕವರಿನ ಖರ್ಚು 30 ರೂಪಾಯಿ ಹೆಚ್ಚಿ ಅಸಲು 2,448. ಒಂದು ವಾಪಸು ಬಿಟ್ಟು 29ರಿಂದ ಭಾಗಿಸಿದರೆ 84.40, ಲಾಭ 8 ಸೇರಿ 92.40, 0.75ರಿಂದ ಭಾಗಿಸಿದರೆ 123. ಎಂಆರ್‌ಪಿ 125. ಗಿರಾಕಿಯ ಕೈಗೆ ಹಗುರ, ನಿಮ್ಮ ಲೆಕ್ಕಕ್ಕೂ ಸಮ. ಆದರೆ ತೂಕ ಇಳಿಸಿದ್ದನ್ನು ಲೇಬಲ್ಲಿನಲ್ಲಿ ಎದ್ದು ಕಾಣುವಂತೆ ಬರೆಯಿರಿ. ಅದೇ ಕವರಿನಲ್ಲಿ ಸದ್ದಿಲ್ಲದೆ 50 ಗ್ರಾಂ ಕಮ್ಮಿ ಮಾಡಿದರೆ ಒಂದೇ ತಿಂಗಳಲ್ಲಿ ಬೀದಿಗೆಲ್ಲ ಗೊತ್ತಾಗುತ್ತದೆ. ಮನೆತಯಾರಿಯ ಹೆಸರು ನಿಂತಿರುವುದೇ ನಂಬಿಕೆಯ ಮೇಲೆ.

ಏಳನೆಯ ಹೆಜ್ಜೆ: ರೇಟು ಏರಿಸುವುದು

60ಕ್ಕೆ ಕೊಡುತ್ತಿದ್ದವರು ನಾಳೆಯೇ 116 ಕೇಳಲು ಆಗುವುದಿಲ್ಲ. ಮೊದಲ ಬಾರಿ ಕೈಯಿಂದ ಹೊರಹೋಗುವ ಹಣ, ಮೇಲ್ಖರ್ಚು, ಅರ್ಧ ಕೂಲಿ ಹುಟ್ಟುವ ಮಟ್ಟಕ್ಕೆ ತನ್ನಿ. ಎರಡನೆಯ ಬಾರಿ ಪೂರ್ತಿ. ನಡುವೆ ಮೂರು ನಾಲ್ಕು ತಿಂಗಳು ಸಾಕು. ಹೊಸ ಅಂಗಡಿಗೆ ಮಾತ್ರ ಮೊದಲ ದಿನದಿಂದಲೇ ಪೂರ್ತಿ ರೇಟು ಹೇಳಿ. ಅಲ್ಲಿ ಹಳೆಯ ರೇಟಿನ ನೆನಪು ಯಾರಿಗೂ ಇರುವುದಿಲ್ಲ.

ಆಮೇಲೆ ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸುತ್ತಿರಿ. ನಮ್ಮ ಮೆಟ್ರೋದಲ್ಲಿ ಆದದ್ದನ್ನು ನೋಡಿ. 2017ರ ಜೂನ್ ಆದ ಮೇಲೆ ದರ ಮುಟ್ಟದೆ ಇದ್ದು, 2025ರ ಫೆಬ್ರವರಿ 9ರಂದು ಒಮ್ಮೆಲೇ ಏರಿಸಿದರು. ಕೆಲವು ದೂರಕ್ಕೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಊರೆಲ್ಲ ಸಿಟ್ಟಾಗಿ, ಕೆಲವೇ ದಿನಗಳಲ್ಲಿ ನಿಗಮ ಏರಿಕೆಯನ್ನು ಶೇ. 71ಕ್ಕೆ ಮಿತಿಗೊಳಿಸಬೇಕಾಯಿತು. ಅದೇ ವರ್ಷ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಆಗ ಹೋಟೆಲಿನವರು ಕಾಫಿಗೆ ಒಂದೆರಡು ರೂಪಾಯಿ ಏರಿಸಿದರೆ ಜನ ಗೊಣಗಿದರೂ ಕುಡಿದರು, ಕಾರಣ ಕಣ್ಣೆದುರಿಗಿತ್ತು.

ಚಕ್ಕುಲಿಗೆ ಗೋಕುಲಾಷ್ಟಮಿ, ಗೌರಿ-ಗಣೇಶ, ದೀಪಾವಳಿ ದೊಡ್ಡ ಕಾಲ. ಹಬ್ಬದ ಹಿಂದಿನ ದಿನ ಏರಿಸಿದರೆ ಸಮಯ ನೋಡಿ ಕಿತ್ತುಕೊಂಡರು ಎನ್ನುತ್ತಾರೆ. ಆಷಾಢದಲ್ಲಿ, ವ್ಯಾಪಾರ ತಣ್ಣಗಿರುವಾಗ ತಿಳಿಸಿ. ಹಬ್ಬ ಬರುವಷ್ಟರಲ್ಲಿ ಹೊಸ ರೇಟು ಹಳೆಯದಾಗಿರುತ್ತದೆ.

ಹೇಳುವುದು ಹೇಗೆ? ಕ್ಷಮೆ ಕೇಳುವ ಧ್ವನಿ ಬೇಡ, ಉದ್ದ ಕಥೆಯೂ ಬೇಡ.

"ಅಣ್ಣಾ, ಮುಂದಿನ ಒಂದನೇ ತಾರೀಖಿಂದ ಚಕ್ಕುಲಿ 155 ಎಂಆರ್‌ಪಿ ಮಾಡ್ತಿದೀನಿ. ನಿಮ್ ಮಾರ್ಜಿನ್ ಹಾಗೇ ಇರತ್ತೆ. ಈಗಿರೋ ಸ್ಟಾಕು ಹಳೇ ರೇಟಲ್ಲೇ ಖಾಲಿ ಮಾಡಿ."

"ಅಷ್ಟಕ್ಕೆ ಹೋಗಲ್ಲ ಅಕ್ಕಾ, ಪಕ್ಕದೋರು ನೂರಕ್ಕೇ ಕೊಡ್ತಾರೆ."

"ಅವರದೂ ಇಡಿ ಅಣ್ಣಾ, ನಂದೂ ಇಡಿ. ಒಂದು ತಿಂಗಳು ನೋಡೋಣ. ಹೋಗದಿದ್ರೆ 200 ಗ್ರಾಮಿನ ಪ್ಯಾಕೆಟ್ ಮಾಡ್ಕೊಡ್ತೀನಿ."

ಇಷ್ಟೇ. ಎಂಆರ್‌ಪಿ ಏರಿದರೆ ಅವರ ಪಾಲೂ ಏರುತ್ತದೆ ಎಂಬುದು ಅಂಗಡಿಯವರಿಗೆ ಚೆನ್ನಾಗಿ ಗೊತ್ತು. ಒಂದು ಎಚ್ಚರಿಕೆ: ಈಗಾಗಲೇ ಪ್ಯಾಕ್ ಆದದ್ದರ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿ ಎಂಆರ್‌ಪಿ ಏರಿಸುವಂತಿಲ್ಲ. ಮುದ್ರಿತ ಬೆಲೆಯನ್ನು ಅಳಿಸುವುದು, ತಿದ್ದುವುದು ಕಾನೂನು ಮಾಪನ ನಿಯಮಗಳ ಪ್ರಕಾರ ತಪ್ಪು. ಹಳೆಯ ಲೇಬಲ್ ಮುಗಿಯುವ ಹೊತ್ತಿಗೆ ಏರಿಕೆ ಇಟ್ಟುಕೊಳ್ಳಿ.

ಎದುರಿನವರು ನಷ್ಟಕ್ಕೇ ಮಾರುತ್ತಿದ್ದರೆ

ದುಡ್ಡಿದ್ದವರು ಪೇಟೆ ಹಿಡಿಯಲು ಬೇಕೆಂದೇ ಅಸಲಿಗಿಂತ ಕೆಳಗೆ ಮಾರುವುದುಂಟು. 2002ರ ಸ್ಪರ್ಧಾ ಕಾಯ್ದೆಯ 4ನೇ ಕಲಂ ಇದನ್ನು ತಡೆಯುತ್ತದೆ, ಆದರೆ ಮಾರುವವರು ಆ ಪೇಟೆಯಲ್ಲಿ ಪ್ರಬಲ ಸ್ಥಾನದಲ್ಲಿದ್ದಾರೆ ಎಂಬುದು ಸಾಬೀತಾಗಬೇಕು. ಬೆಂಗಳೂರಿನ ರೇಡಿಯೋ ಟ್ಯಾಕ್ಸಿ ಪೇಟೆಯಲ್ಲಿ ಓಲಾ ಅಸಲಿಗಿಂತ ಕಮ್ಮಿಗೆ ಓಡಿಸುತ್ತಿದೆ ಎಂದು ಮೇರು ಮತ್ತು ಫಾಸ್ಟ್ ಟ್ರ್ಯಾಕ್ ದೂರು ಕೊಟ್ಟಿದ್ದವು. ಓಲಾ ಪ್ರಬಲ ಸ್ಥಾನದಲ್ಲಿತ್ತು ಎಂದು ಸಾಬೀತಾಗಲಿಲ್ಲ ಎಂದು ಭಾರತೀಯ ಸ್ಪರ್ಧಾ ಆಯೋಗ 2017ರಲ್ಲಿ ಆ ದೂರನ್ನು ಮುಗಿಸಿತು. ಅಷ್ಟು ದೊಡ್ಡ ಕಂಪನಿಗಳಿಗೇ ಹೀಗಾದ ಮೇಲೆ ಬಡಾವಣೆಯ ಪೈಪೋಟಿಗೆ ಕಾನೂನು ನೆರವಾಗುತ್ತದೆ ಎಂದು ಕಾಯುವುದು ವ್ಯರ್ಥ.

ಅವರ ರೇಟಿಗೆ ಇಳಿಯಬೇಡಿ. ಅವರು ಮಾಡದ ಒಂದು ವಸ್ತು ಹಿಡಿಯಿರಿ, ಉದಾಹರಣೆಗೆ ಬೆಣ್ಣೆ ಮುರುಕು, ಹುರಿಗಡಲೆ ಕೋಡುಬಳೆ, ಹಿತಕವರೆಯ ಕಾಲದಲ್ಲಿ ಅವರೆಬೇಳೆ ಮಿಕ್ಸ್ಚರ್. ಬೆಲೆ ಹೋಲಿಸಲು ಪಕ್ಕದಲ್ಲಿ ಅಂಥದ್ದೇ ಇನ್ನೊಂದು ಇಲ್ಲದಿದ್ದರೆ ನಿಮ್ಮ ಲೆಕ್ಕ ಉಳಿಯುತ್ತದೆ.

ಹೊಲಿಗೆ, ಪಾಠ, ವಿನ್ಯಾಸ ಮಾಡುವವರಿಗೆ

ನಿಮ್ಮ ಸರಕು ಗಂಟೆ. ತಿಂಗಳಿಗೆ 25 ದಿನ, ದಿನಕ್ಕೆ ಎಂಟು ಗಂಟೆ ಎಂದು 200 ಗಂಟೆ ಹಿಡಿಯುವುದು ತಪ್ಪು. ಅಳತೆ ತೆಗೆಯುವುದು, "ಕೈ ಸ್ವಲ್ಪ ಬಿಗಿ" ಎಂದು ವಾಪಸು ಬಂದ ಬ್ಲೌಸ್ ಬಿಚ್ಚಿ ಹೊಲಿಯುವುದು, ನೂಲು-ಹುಕ್ಕು ತರಲು ಓಡುವುದು ಕಳೆದು ಮೆಷಿನ್ ಮೇಲೆ ಕೂರುವುದು 130 ಗಂಟೆ ಎಂದುಕೊಳ್ಳಿ. ಕೂಲಿ 26,000, ಅಂಗಡಿ ಬಾಡಿಗೆ ಇತ್ಯಾದಿ 13,000, ಒಟ್ಟು 39,000. ಇದನ್ನು 130ರಿಂದ ಭಾಗಿಸಿದರೆ ಗಂಟೆಗೆ 300. ಎರಡೂವರೆ ಗಂಟೆಯ ಲೈನಿಂಗ್ ಬ್ಲೌಸಿಗೆ ಹೊಲಿಗೆಯೇ 750, ಲೈನಿಂಗ್ ಬಟ್ಟೆ ಬೇರೆ. 200ರಿಂದ ಭಾಗಿಸಿದವರು ಅದೇ ಬ್ಲೌಸಿಗೆ 490 ಕೇಳಿ, ಬಾಡಿಗೆ ಕೊಡುವ ದಿನ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ.

ಮದುವೆ ಆರ್ಡರು, ನೆಂಟರ ರೇಟು

ಮತ್ತೆ ಚಕ್ಕುಲಿಗೆ ಬರೋಣ. "ಇಪ್ಪತ್ತು ಕೆಜಿ ತಗೋತೀವಿ, ಅರ್ಧ ರೇಟಿಗೆ ಮಾಡ್ಕೊಡಿ ಆಂಟಿ" ಎಂದು ಮದುವೆಯವರು ಬರುತ್ತಾರೆ. ಚಿಲ್ಲರೆ 155ರಂತೆ ಕೆಜಿಗೆ 620, ಅರ್ಧ ಅಂದರೆ 310. ದೊಡ್ಡ ಆರ್ಡರಿನಲ್ಲಿ ಉಳಿತಾಯ ಇರುವುದು ನಿಜ. ಅಂಗಡಿಯ ಮಾರ್ಜಿನ್ ಇಲ್ಲ, ಸಣ್ಣ ಕವರಿನ 120 ಇಲ್ಲ, ಅವರೇ ಬಂದು ಒಯ್ದರೆ ಆಟೋದ 108 ಇಲ್ಲ, ಪ್ಯಾಕಿಂಗ್ ಮತ್ತು ಓಡಾಟದ ಎರಡೂವರೆ ಗಂಟೆಯ 250 ಇಲ್ಲ. 2,418ರಲ್ಲಿ ಇವಿಷ್ಟನ್ನೂ ಕಳೆದರೆ 1,940, ಕೆಜಿಗೆ 323. ಅವರು ಕೇಳುವ 310 ಅಸಲಿಗಿಂತ ಕೆಳಗಿದೆ. ಶೇ. 15 ಸೇರಿಸಿ 375 ಹೇಳಿ. ಅವರಿಗೂ 245 ರೂಪಾಯಿ ಉಳಿಯಿತು, ನಿಮಗೂ ಗಿಟ್ಟಿತು.

ನೆಂಟರಿಗೆ ಬಿಡಬೇಕೆನಿಸಿದರೆ ಲಾಭವನ್ನು ಬಿಡಿ, ಕೂಲಿಯನ್ನು ಬಿಡಬೇಡಿ. ತೀರ ಹತ್ತಿರದವರಾದರೆ ಒಂದು ಡಬ್ಬಿ ಉಡುಗೊರೆಯಾಗಿಯೇ ಕೊಡಿ, ಉಳಿದದ್ದಕ್ಕೆ ಪೂರ್ತಿ ರೇಟು ಬರೆಯಿರಿ. ಅರ್ಧ ಹಣ ಮುಂಗಡ ಪಡೆಯದೆ ಎಣ್ಣೆ ಕೊಳ್ಳಬೇಡಿ. ರೇಟನ್ನು ಬಾಯಲ್ಲಿ ಹೇಳಿ ಬಿಡದೆ ವಾಟ್ಸಾಪಿನಲ್ಲಿ ತೂಕ, ದರ, ತಲುಪಿಸುವ ದಿನದ ಸಮೇತ ಕಳಿಸಿ, ಕೆಳಗೆ "ಈ ದರ 15 ದಿನ ಮಾತ್ರ" ಎಂದು ಸೇರಿಸಿ. ಮದುವೆ ಮೂರು ತಿಂಗಳ ಆಚೆ ಇದ್ದರೆ ಎಣ್ಣೆಯ ದರ ಆಗ ಎಷ್ಟಿರುತ್ತದೋ ಅದರ ಮೇಲೆ ಎಂದು ಒಂದು ಸಾಲು ಹೆಚ್ಚಿಗೆ ಬರೆಯಿರಿ.